ಸೋತ ಮಾತ್ರೆ, ಗೆದ್ದ ಮಾತ್ರೆ: ನಿದ್ದೆಯ ಔಷಧಿ ಬದಲಿಸಿದ ಒಂದು ಪ್ರಕರಣ

ನಿದ್ದೆಯ ತೊಂದರೆ ನೋಡುವ ಒಂದು ಕ್ಲಿನಿಕ್‌ನಲ್ಲಿ ಔಷಧಿಗಳ ಲೆಕ್ಕ ಇಡುವುದು ನನ್ನ ಕೆಲಸ. ಬಂದವರು ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಹಿಂದೆ ಏನೇನು ಆಗಿಹೋಗಿದೆ, ಯಾವುದು ಯಾವುದರ ಜೊತೆ ಸೇರಬಾರದು ಅಂತ ಪಟ್ಟಿ ಮಾಡಿ ಡಾಕ್ಟರ ಮುಂದೆ ಇಡಬೇಕು. ಈ ಪ್ರಕರಣವನ್ನು ಬರೆಯೋಕೆ ಒಂದು ಕಾರಣವಿದೆ. ಇವರ ಹಳೇ ಫೈಲಿನಲ್ಲಿ ಎರಡು ಮಾತ್ರೆಗಳ ಬಗ್ಗೆ ತೀರ್ಪು ಇತ್ತು. ಒಂದಕ್ಕೆ 'ಪ್ರಯೋಜನ ಆಗಲಿಲ್ಲ', ಇನ್ನೊಂದಕ್ಕೆ 'ಚೆನ್ನಾಗಿ ಕೆಲಸ ಮಾಡಿದೆ'. ಎರಡೂ ತಪ್ಪಾಗಿದ್ದವು, ಅದೂ ಒಂದೇ ಕಾರಣಕ್ಕೆ.

ಗುರುತು ಸಿಗದಿರಲಿ ಅಂತ ವಯಸ್ಸು, ಕೆಲಸ, ಮನೆಯ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಮಾತ್ರೆ, ಡೋಸ್, ಅವು ಒಂದಾದ ಮೇಲೊಂದು ಬಂದ ಕ್ರಮ ಇದ್ದ ಹಾಗೇ ಇದೆ.

ಹಿನ್ನೆಲೆ

ಐವತ್ತು ದಾಟಿದ ಮಹಿಳೆ. ಲೆಕ್ಕಪತ್ರದ ಕೆಲಸ. ಚಿಕ್ಕಂದಿನಿಂದಲೂ ಸಣ್ಣ ಸದ್ದಿಗೇ ಎಚ್ಚರವಾಗುವ ಜಾತಿ, ಆದರೆ ಅದೊಂದು ತೊಂದರೆ ಅಂತ ಯಾವತ್ತೂ ಅನಿಸಿರಲಿಲ್ಲ. ತಾಯಿಗೆ ಹುಷಾರಿಲ್ಲದಾಗ ತಿಂಗಳುಗಟ್ಟಲೆ ರಾತ್ರಿ ಎದ್ದು ಎದ್ದು ನೋಡಿಕೊಂಡರು. ತಾಯಿ ತೀರಿಕೊಂಡ ಮೇಲೂ ಎಚ್ಚರವಾಗುವುದು ನಿಲ್ಲಲಿಲ್ಲ.

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ಮುಂದುವರಿದು, ಹಗಲಿನ ಕೆಲಸಕ್ಕೂ ತೊಂದರೆ ಕೊಟ್ಟರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ಇವರು ಅದನ್ನು ಯಾವಾಗಲೋ ದಾಟಿದ್ದರು. ಮನೆ ಡಾಕ್ಟರು 'ಸ್ವಲ್ಪ ದಿನ ತಗೊಳ್ಳಿ' ಅಂತ ಜೋಲ್ಪಿಡೆಮ್ 10 ಮಿಲಿಗ್ರಾಂ ಬರೆದುಕೊಟ್ಟರು. ಆ ಸ್ವಲ್ಪ ದಿನ ನಾಲ್ಕು ವರ್ಷವಾಯಿತು. ಇದರಲ್ಲಿ ಆಶ್ಚರ್ಯ ಪಡುವಂಥದ್ದೇನಿಲ್ಲ. ನಿದ್ದೆ ಮಾತ್ರೆ ಶುರು ಮಾಡುವ ದಿನ ಅದನ್ನು ನಿಲ್ಲಿಸುವ ದಿನಾಂಕವನ್ನೂ ಬರೆದ ಚೀಟಿ ನಾನು ನೋಡಿರುವುದು ಬಹಳ ಕಡಿಮೆ.

ಮೊದಮೊದಲು ಮಾತ್ರೆ ನುಂಗಿ ಅರ್ಧ ಗಂಟೆಗೆ ನಿದ್ದೆ. ಬರಬರುತ್ತಾ, ಮಲಗಿದ ಕೂಡಲೇ ನಿದ್ದೆ ಬಂದರೂ ರಾತ್ರಿ ಎರಡೂವರೆ, ಮೂರಕ್ಕೆ ಎಚ್ಚರವಾಗತೊಡಗಿತು. ಆಮೇಲೆ ಬೆಳಗಿನವರೆಗೂ ಹೊರಳಾಟ. ಜೋಲ್ಪಿಡೆಮ್‌ನ ಗುಣವೇ ಅಂಥದ್ದು. ಸುಮಾರು ಎರಡೂವರೆ ಗಂಟೆಗೊಮ್ಮೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ನಿದ್ದೆ ಹತ್ತಿಸೋಕೆ ಅದು ಗಟ್ಟಿ, ಬೆಳಗಿನ ಜಾವದವರೆಗೆ ಕಾಯೋಕೆ ಅಷ್ಟಕ್ಕಷ್ಟೆ. ಇವರು ತಾವೇ ಒಂದು ದಾರಿ ಹುಡುಕಿಕೊಂಡರು. ಮೂರು ಗಂಟೆಗೆ ಇನ್ನೊಂದು ಅರ್ಧ ಮಾತ್ರೆ.

ತೊಂದರೆ ದೊಡ್ಡದಾಗಿದ್ದು ಇಲ್ಲಿಂದ. ಹೆಂಗಸರ ದೇಹದಿಂದ ಜೋಲ್ಪಿಡೆಮ್ ನಿಧಾನವಾಗಿ ಹೊರಹೋಗುತ್ತದೆ. ಬೆಳಿಗ್ಗೆ ಎದ್ದಾಗಲೂ ಗಾಡಿ ಓಡಿಸೋಕೆ ಅಡ್ಡಿಯಾಗುವಷ್ಟು ರಕ್ತದಲ್ಲಿ ಉಳಿದಿರಬಹುದು. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಹೆಂಗಸರಿಗೆ ಸೂಚಿಸುವ ಡೋಸನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಿತು. ಇವರು ಮಲಗುವಾಗ 10, ಮೂರು ಗಂಟೆಗೆ 5 ನುಂಗಿ, ಏಳೂವರೆಗೆ ಕಾರು ತೆಗೆಯುತ್ತಿದ್ದರು. ಒಂದು ಬೆಳಿಗ್ಗೆ ಸಿಗ್ನಲ್‌ನಲ್ಲಿ ನಿಂತಲ್ಲೇ ತೂಕಡಿಸಿದರು. ಹಿಂದಿನ ಗಾಡಿಯವರ ಹಾರ್ನ್‌ಗೆ ಎಚ್ಚರವಾಯಿತು. ಅವತ್ತೇ ಕಾರಿನ ಕೀಲಿ ಯಜಮಾನರ ಕೈಗೆ ಹೋಯಿತು.

ಎರಡು ಬದಲಾವಣೆ, ಎರಡು ತೀರ್ಪು

ಮನೆ ಡಾಕ್ಟರು ಜೋಲ್ಪಿಡೆಮ್ ನಿಲ್ಲಿಸಿ ಡಾಕ್ಸೆಪಿನ್ 3 ಮಿಲಿಗ್ರಾಂ ಕೊಟ್ಟರು. ಆಯ್ಕೆಯೇನೋ ಸರಿಯಾಗಿಯೇ ಇತ್ತು. ಡಾಕ್ಸೆಪಿನ್ ಹಳೇ ಕಾಲದ ಖಿನ್ನತೆಯ ಔಷಧಿ. ಅದಕ್ಕೆ ಕೊಡುವ ಡೋಸ್ ಇದರ ಹತ್ತಾರು ಪಟ್ಟು. 3 ಅಥವಾ 6 ಮಿಲಿಗ್ರಾಂನಷ್ಟು ಕಡಿಮೆ ಕೊಟ್ಟರೆ ಅದು ಮುಖ್ಯವಾಗಿ ಹಿಸ್ಟಮಿನ್ ಅನ್ನು ತಡೆಯುತ್ತದೆ. ಮೆದುಳನ್ನು ಎಚ್ಚರವಾಗಿಡುವ ರಾಸಾಯನಿಕಗಳಲ್ಲಿ ಹಿಸ್ಟಮಿನ್ ಒಂದು. ನಿದ್ದೆ ಬಂದಮೇಲೆ ಮಧ್ಯೆ ಎಚ್ಚರವಾಗುವವರಿಗೆ ಅಂತಲೇ ಈ ಕಡಿಮೆ ಡೋಸಿಗೆ 2010ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಇವರ ತೊಂದರೆಯೂ ಅದೇ ತಾನೇ.

ಮೊದಲ ರಾತ್ರಿ ಕಣ್ಣಿಗೆ ನಿದ್ದೆ ಹತ್ತಲೇ ಇಲ್ಲ. ಎರಡನೇ ರಾತ್ರಿ ಎದೆ ಡವಡವ, ಅಂಗೈಯೆಲ್ಲ ಬೆವರು. ಮೂರನೇ ರಾತ್ರಿ ಎರಡು ಗಂಟೆಗೆ ಎದ್ದು ಕಪಾಟಿನಲ್ಲಿದ್ದ ಜೋಲ್ಪಿಡೆಮ್ ನುಂಗಿದರು. ನಿದ್ದೆ ಬಂತು. ಡಾಕ್ಟರಿಗೆ ಫೋನ್ ಮಾಡಿ 'ಈ ಮಾತ್ರೆ ನನಗೆ ಆಗಿಬರಲ್ಲ' ಅಂದರು. ಫೈಲಿನಲ್ಲಿ ಡಾಕ್ಸೆಪಿನ್ ಮುಂದೆ 'ಪ್ರಯೋಜನ ಆಗಲಿಲ್ಲ' ಅಂತ ಬಿತ್ತು.

ಕೆಲವು ತಿಂಗಳ ನಂತರ ಬೇರೆ ಡಾಕ್ಟರ ಹತ್ತಿರ ಹೋದರು. ಅವರು ಕ್ಲೊನಾಜೆಪಾಮ್ 0.5 ಮಿಲಿಗ್ರಾಂ ಬರೆದರು. ಮೊದಲ ರಾತ್ರಿಯೇ ಆರು ಗಂಟೆ ನಿದ್ದೆ. 'ವರ್ಷಗಳ ಮೇಲೆ ಮನುಷ್ಯರ ಥರ ಮಲಗಿದೆ' ಅಂತ ಯಜಮಾನರಿಗೆ ಹೇಳಿದರಂತೆ. ಫೈಲಿನಲ್ಲಿ ಅದರ ಮುಂದೆ 'ಚೆನ್ನಾಗಿ ಕೆಲಸ ಮಾಡಿದೆ'.

ಎರಡನೇ ವಾರ ದಾಟುವಷ್ಟರಲ್ಲಿ ಹಗಲು ಮಬ್ಬಾಗತೊಡಗಿತು. ಮಾತಾಡುತ್ತಾ ಮಾತಾಡುತ್ತಾ ಪದ ಮರೆಯುವುದು, ಒಂದೇ ಬಿಲ್ಲನ್ನು ಎರಡು ಸಲ ನಮೂದಿಸುವುದು. ಇಪ್ಪತ್ತು ವರ್ಷ ಅಂಕಿ ತಪ್ಪದವರಿಗೆ ಇದು ಸಣ್ಣ ವಿಷಯವಲ್ಲ. ಕ್ಲೊನಾಜೆಪಾಮ್ ರಕ್ತದಲ್ಲಿ ಅರ್ಧಕ್ಕಿಳಿಯೋಕೆ 30ರಿಂದ 40 ಗಂಟೆ ಬೇಕು. ನಿನ್ನೆಯದು ಹೋಗುವ ಮೊದಲೇ ಇವತ್ತಿನದು ಬಂದು ಸೇರುತ್ತದೆ. ದಿನಾ ಒಂದೇ ಮಾತ್ರೆ ನುಂಗಿದರೂ ಒಂದೆರಡು ವಾರಕ್ಕೆ ದೇಹದಲ್ಲಿರುವ ಪ್ರಮಾಣ ಮೊದಲ ದಿನದ ಎರಡು ಪಟ್ಟಿಗಿಂತ ಜಾಸ್ತಿಯಾಗಿರುತ್ತದೆ. ಅಷ್ಟಾಗಿಯೂ ಮೂರು ಗಂಟೆಯ ಎಚ್ಚರ ಮೆಲ್ಲಗೆ ವಾಪಸ್ ಬಂತು.

ನಮ್ಮಲ್ಲಿಗೆ ಬಂದಿದ್ದು ಈ ಸ್ಥಿತಿಯಲ್ಲಿ.

ಚೀಲದಲ್ಲಿ ಸಿಕ್ಕಿದ್ದು

ಹೊಸಬರಿಗೆ ನಾನು ಹೇಳುವುದು ಒಂದೇ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಬಿಟ್ಟಿರುವುದನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ಹಳೇ ಚೀಟಿಗಳೂ ಇರಲಿ. ಇವರು ತಂದ ಚೀಲದ ತಳದಲ್ಲಿ ಟಿಶ್ಯೂ ಕಾಗದದ ಒಂದು ಸಣ್ಣ ಪೊಟ್ಟಣವಿತ್ತು. ಬಿಚ್ಚಿದರೆ ನೀಟಾಗಿ ಅರ್ಧ ಮಾಡಿದ ಜೋಲ್ಪಿಡೆಮ್ ಮಾತ್ರೆಗಳು, ಅಂಚಿನಲ್ಲಿ ಸ್ವಲ್ಪ ಪುಡಿ. 'ಇದು ಹಳೇದು' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ವಾರಕ್ಕೆ ಒಂದೆರಡು ಸಲ, ಮೂರು ಗಂಟೆಗೆ' ಅಂದರು. ಕ್ಲೊನಾಜೆಪಾಮ್ ಬರೆದ ಡಾಕ್ಟರಿಗೆ ಇದು ಗೊತ್ತಿರಲಿಲ್ಲ. ಎರಡೂ ಮೆದುಳನ್ನು ಮಂದ ಮಾಡುವ ಔಷಧಿಗಳೇ. ಒಟ್ಟಿಗೆ ಸೇರಿದರೆ ಬೀಳುವುದು, ಗೊಂದಲ, ಉಸಿರಾಟ ಕುಗ್ಗುವುದು ಎಲ್ಲಕ್ಕೂ ದಾರಿ.

ನಿದ್ದೆಗಣ್ಣಿನಲ್ಲಿ ಎದ್ದು ಓಡಾಡಿದ್ದು, ಅಡುಗೆ ಮಾಡಿದ್ದು, ಫೋನ್ ಮಾಡಿ ಮರೆತದ್ದು ಏನಾದರೂ ಇದೆಯಾ ಅಂತ ಗಂಡ ಹೆಂಡತಿ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆವು. ಇರಲಿಲ್ಲ. ಇದ್ದಿದ್ದರೆ ದಾರಿಯೇ ಬೇರೆಯಾಗುತ್ತಿತ್ತು. ಜೋಲ್ಪಿಡೆಮ್ ಗುಂಪಿನ ಔಷಧಿಗಳಿಗೆ 2019ರಲ್ಲಿ ಎಫ್‌ಡಿಎ ತನ್ನ ಅತಿ ಗಂಭೀರ ಎಚ್ಚರಿಕೆ ಹಾಕಿದ್ದು ಇದೇ ಕಾರಣಕ್ಕೆ. ಒಂದು ಸಲ ಹಾಗಾದವರು ಅದನ್ನು ಮತ್ತೆ ಮುಟ್ಟಬಾರದು.

ಉಳಿದ ತಪಾಸಣೆ ಬೇಗ ಮುಗಿಯಿತು. ಗೊರಕೆ ಇತ್ತು, ಆದರೆ ಮನೆಯಲ್ಲೇ ಮಾಡುವ ನಿದ್ದೆ ಪರೀಕ್ಷೆಯಲ್ಲಿ ಉಸಿರು ನಿಲ್ಲುವ ತೊಂದರೆ ಕಾಣಲಿಲ್ಲ. ರಾತ್ರಿ ಕಾಲಿನ ಚಡಪಡಿಕೆ ಇಲ್ಲ. ಮುಟ್ಟು ನಿಂತು ಕೆಲವು ವರ್ಷಗಳಾಗಿದ್ದವು, ರಾತ್ರಿ ಮೈ ಬಿಸಿಯೇರುವುದೂ ಇರಲಿಲ್ಲ. ಸಂಜೆ ಐದರ ಕಾಫಿ ಮಾತ್ರ ಇತ್ತು, ಅದನ್ನು ಮಧ್ಯಾಹ್ನಕ್ಕೆ ತಂದೆವು. ನಿದ್ರಾಹೀನತೆ ಎಷ್ಟು ತೀವ್ರ ಅಂತ ಅಳೆಯುವ ಏಳು ಪ್ರಶ್ನೆಗಳ ಪಟ್ಟಿಯಲ್ಲಿ 28ಕ್ಕೆ 20 ಬಂತು. 15 ದಾಟಿದರೆ ಚಿಕಿತ್ಸೆ ಬೇಕಾದ ಮಟ್ಟ ಅಂತ ಲೆಕ್ಕ.

ಎರಡು ವಾರ ನಿದ್ದೆ ಡೈರಿ ಬರೆಸಿದೆವು. ರಾತ್ರಿ ಒಂಬತ್ತೂವರೆಗೆ ಹಾಸಿಗೆ, ಬೆಳಿಗ್ಗೆ ಆರೂವರೆಗೆ ಏಳುವುದು. ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದು ಸರಾಸರಿ ಐದೂವರೆ ಗಂಟೆ ನಿದ್ದೆ, ಅಂದರೆ ಶೇಕಡಾ 61. ಶೇಕಡಾ 85ರ ಹತ್ತಿರ ಇದ್ದರೆ ಸರಿ ಅನ್ನುತ್ತಾರೆ. 'ಹೇಗೂ ನಿದ್ದೆ ಬರಲ್ಲ, ಬೇಗ ಮಲಗಿದರೆ ಸ್ವಲ್ಪವಾದರೂ ಸಿಗುತ್ತೆ' ಅನ್ನೋದು ಅವರ ಲೆಕ್ಕ. ಬಹಳ ಜನರ ಲೆಕ್ಕವೂ ಅದೇ. ಹಾಸಿಗೆಯಲ್ಲಿ ಎಚ್ಚರವಾಗಿ ಬಿದ್ದಿರುವ ಹೊತ್ತು ಜಾಸ್ತಿಯಾದಷ್ಟೂ ನಿದ್ದೆ ತೆಳುವಾಗುತ್ತದೆ.

ಒಂದೇ ದಿನಾಂಕ

ಅವರಿಗೆ ಹೊಸ ಮಾತ್ರೆ ಬೇಕಿತ್ತು. ಒರೆಕ್ಸಿನ್ ತಡೆಯುವ ಔಷಧಿಗಳ ಬಗ್ಗೆ ಓದಿಕೊಂಡು ಬಂದಿದ್ದರು. ಒರೆಕ್ಸಿನ್ ನಮ್ಮನ್ನು ಎಚ್ಚರದಲ್ಲಿಡುವ ಇನ್ನೊಂದು ರಾಸಾಯನಿಕ. ಅದು ಪತ್ತೆಯಾಗಿದ್ದು 1998ರಲ್ಲಿ. ಅದನ್ನು ತಡೆಯುವ ಸುವೊರೆಕ್ಸಂಟ್ 2014ರಲ್ಲಿ, ಲೆಂಬೊರೆಕ್ಸಂಟ್ 2019ರಲ್ಲಿ, ಡ್ಯಾರಿಡೊರೆಕ್ಸಂಟ್ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಮಧ್ಯರಾತ್ರಿಯ ಎಚ್ಚರಕ್ಕೆ ಒಳ್ಳೆಯ ಆಯ್ಕೆಗಳೇ. 'ಅದನ್ನೇ ಕೊಡಿ, ನಾಳೆಯಿಂದಲೇ ಬದಲಿಸೋಣ' ಅಂದರು.

ಡಾಕ್ಟರು ಒಪ್ಪಲಿಲ್ಲ. ಅವರು ಯಾಕೆ ಒಪ್ಪಲಿಲ್ಲ ಅನ್ನೋದೇ ಈ ಪ್ರಕರಣದ ತಿರುಳು.

ಜೋಲ್ಪಿಡೆಮ್, ಕ್ಲೊನಾಜೆಪಾಮ್ ಎರಡೂ ಕೆಲಸ ಮಾಡುವುದು ಮೆದುಳಿನ ಒಂದೇ ಬೀಗದ ಮೇಲೆ, ಗ್ಯಾಬಾ ಗ್ರಾಹಕದ ಮೇಲೆ. ಗ್ಯಾಬಾ ಮೆದುಳಿನ ಬ್ರೇಕ್ ಇದ್ದ ಹಾಗೆ. ವರ್ಷಗಟ್ಟಲೆ ಮಾತ್ರೆಯೇ ಬ್ರೇಕ್ ಒತ್ತುತ್ತಿದ್ದರೆ ಮೆದುಳು ತನ್ನ ಕಾಲನ್ನು ಸಡಿಲ ಬಿಡುತ್ತದೆ. ಮಾತ್ರೆ ದಿಢೀರನೆ ನಿಂತಾಗ ನಿದ್ದೆ ಮೊದಲಿಗಿಂತ ಕೆಡುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ. ಡೋಸ್ ದೊಡ್ಡದಾಗಿದ್ದರೆ ಫಿಟ್ಸ್ ಕೂಡ ಬರಬಹುದು. ಡಾಕ್ಸೆಪಿನ್ ಈ ಗ್ರಾಹಕವನ್ನು ಮುಟ್ಟುವುದಿಲ್ಲ. ಒರೆಕ್ಸಿನ್ ತಡೆಯುವ ಔಷಧಿಗಳೂ ಮುಟ್ಟುವುದಿಲ್ಲ. ಹಾಗಾಗಿ ಹಳೇ ಮಾತ್ರೆ ಬಿಟ್ಟ ಹಿಂಸೆಯನ್ನು ಅವು ಮುಚ್ಚಲಾರವು. ಕ್ಲೊನಾಜೆಪಾಮ್ ಅದೇ ಗ್ರಾಹಕದ ಮೇಲೆ ಕೂರುವುದರಿಂದ ಆ ಹಿಂಸೆಯನ್ನು ಪೂರ್ತಿ ಮುಚ್ಚಿತು.

ನಾನು ಚೀಟಿಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ ಮೇಜಿನ ಮೇಲೆ ಇಟ್ಟೆ. ಒಂದು ಹಾಳೆಯಲ್ಲಿ ಎರಡು ಕಾಲಂ ಹಾಕಿದೆ, ಎಡಕ್ಕೆ 'ನಿಲ್ಲಿಸಿದ್ದು', ಬಲಕ್ಕೆ 'ಶುರು ಮಾಡಿದ್ದು'. ಎಡಗಡೆ ಜೋಲ್ಪಿಡೆಮ್, ಬಲಗಡೆ ಡಾಕ್ಸೆಪಿನ್, ಎರಡರ ಮುಂದೂ ಒಂದೇ ದಿನಾಂಕ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಬೆರಳು ಆ ಸಾಲಿನ ಮೇಲೇ ನಿಂತಿತು. 'ಹಾಗಾದರೆ ಆ ಮೂರು ರಾತ್ರಿ ಈ ಮಾತ್ರೆದಲ್ಲ, ಆ ಮಾತ್ರೆದು' ಅಂದರು. ಬೇರೆ ಯಾರೇ ಆಗಿದ್ದರೂ ಇದನ್ನು ಒಪ್ಪಿಸೋಕೆ ಇನ್ನೂ ಮಾತಾಡಬೇಕಾಗುತ್ತಿತ್ತು. ಲೆಕ್ಕದವರಾದ್ದರಿಂದ ಒಂದು ಖಾತೆಯ ಖರ್ಚು ಇನ್ನೊಂದಕ್ಕೆ ಬಿದ್ದಿದೆ ಅಂತ ಕೂಡಲೇ ಹೊಳೆಯಿತು.

ಇನ್ನೊಂದು ಸಂಗತಿಯೂ ಆಗಲೇ ಹೊರಬಂತು. ಆ ಡಾಕ್ಸೆಪಿನ್ ಅನ್ನು ಅವರು ರಾತ್ರಿ ಊಟ ಮುಗಿಸಿ ತಕ್ಷಣ ನುಂಗುತ್ತಿದ್ದರು, ಬಹಳ ಮಾತ್ರೆಗಳನ್ನು ಹಾಗೇ ನುಂಗುತ್ತೇವಲ್ಲ. ಈ ಔಷಧಿ ಮಾತ್ರ ಊಟವಾಗಿ ಮೂರು ಗಂಟೆಯೊಳಗೆ ತೆಗೆದುಕೊಳ್ಳಬಾರದು. ಊಟದ ಜೊತೆ ಹೋದರೆ ನಿಧಾನವಾಗಿ ಹಿಡಿಯುತ್ತದೆ, ಮಂಪರು ಮರುದಿನಕ್ಕೆ ಜಾರುತ್ತದೆ. ಅಂತೂ ಆ ಮಾತ್ರೆಗೆ ನ್ಯಾಯವಾದ ಒಂದು ಅವಕಾಶವೇ ಸಿಕ್ಕಿರಲಿಲ್ಲ.

ಏನು ಮಾಡಿದೆವು

ಡಾಕ್ಟರು ಹಾಕಿದ ನಿಯಮ ಸರಳ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದು ನೆಲೆಗೊಳ್ಳುವವರೆಗೆ ಇನ್ನೊಂದಿಲ್ಲ.

ಮೊದಲು ಪೊಟ್ಟಣದ ಅರ್ಧ ಮಾತ್ರೆಗಳು ಹೋದವು. ಕ್ಲೊನಾಜೆಪಾಮ್ ಇದ್ದಿದ್ದರಿಂದ, ಅವು ಅಪರೂಪಕ್ಕೆ ಮಾತ್ರ ಆಗಿದ್ದರಿಂದ, ಅವನ್ನು ನೇರವಾಗಿ ನಿಲ್ಲಿಸಬಹುದಿತ್ತು. ಕ್ಲೊನಾಜೆಪಾಮ್ 0.5 ಹಾಗೇ ಇತ್ತು. ಅದನ್ನು ಮುಟ್ಟದೆ ನಿದ್ದೆಯ ಹೊತ್ತನ್ನು ಕಟ್ಟಿದೆವು. ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಆರು, ಅಷ್ಟೇ ಹಾಸಿಗೆ. ನಿದ್ದೆ ಬರದಿದ್ದರೆ ಎದ್ದು ಇನ್ನೊಂದು ಕೋಣೆಗೆ ಹೋಗುವುದು, ತೂಕಡಿಕೆ ಬಂದಾಗಲೇ ವಾಪಸ್ ಬರುವುದು, ಹಗಲು ಮಲಗದಿರುವುದು. ಇದು ನಿದ್ರಾಹೀನತೆಗೆ ಅಂತಲೇ ಇರುವ ವರ್ತನಾ ಚಿಕಿತ್ಸೆಯ ಭಾಗ. ಅಮೆರಿಕದ ವೈದ್ಯರ ಸಂಘಟನೆ ಎಸಿಪಿ 2016ರಲ್ಲಿ ದೊಡ್ಡವರಿಗೆಲ್ಲ ಮಾತ್ರೆಗಿಂತ ಮೊದಲು ಇದನ್ನೇ ಕೊಡಿ ಅಂತ ಹೇಳಿತು. ಇವರಿಗೆ ಐದು ವರ್ಷದಲ್ಲಿ ಒಬ್ಬರೂ ಇದನ್ನು ಹೇಳಿರಲಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಮಾತ್ರೆ ಬರೆಯೋಕೆ ಎರಡು ನಿಮಿಷ ಸಾಕು, ಇದನ್ನು ಹೇಳಿಕೊಡೋಕೆ ಹಲವು ಭೇಟಿ ಬೇಕು, ಅದೇ ಕಾರಣ ಇರಬೇಕು.

ಮೊದಲ ವಾರ ಹಗಲು ಇನ್ನಷ್ಟು ಸುಸ್ತಾದರು. ಹಾಗಾಗುತ್ತದೆ ಅಂತ ಮೊದಲೇ ಹೇಳಿದ್ದೆವು, ಕಾರಂತೂ ಮೊದಲೇ ಬಿಟ್ಟಿದ್ದರು. ಮೂರು ವಾರಕ್ಕೆ ಹಾಸಿಗೆಯ ಹೊತ್ತಿನಲ್ಲಿ ಎಚ್ಚರವಾಗಿರುವುದು ಕಡಿಮೆಯಾಯಿತು. ಆಮೇಲೆ ಕ್ಲೊನಾಜೆಪಾಮ್ ಇಳಿಸೋಕೆ ಶುರು. 0.5ರಿಂದ 0.375, ಕೆಲವು ವಾರ ಬಿಟ್ಟು 0.25. ಎರಡೂ ಹೆಚ್ಚು ಸದ್ದಿಲ್ಲದೆ ದಾಟಿದವು. ಹಗಲಿನ ಮಬ್ಬು ತಿಳಿಯಾಯಿತು. ಆಫೀಸಿನಲ್ಲಿ ಯಾರೋ 'ಏನ್ ಮೇಡಂ, ಮುಖ ಕಳೆಕಳೆಯಾಗಿದೆ' ಅಂದರಂತೆ.

ಆ ಖುಷಿಯಲ್ಲಿ ಅವರೇ ಒಂದು ಹೆಜ್ಜೆ ಮುಂದೆ ಹೋದರು. ನಮ್ಮನ್ನು ಕೇಳದೆ 0.25ರ ಮಾತ್ರೆಯನ್ನು ಅರ್ಧ ಮಾಡಿದರು. ಯಾಕೆ ಅರ್ಧ ಅಂತ ಆಮೇಲೆ ಕೇಳಿದಾಗ ಬಂದ ಉತ್ತರ: 'ಮಧ್ಯೆ ಗೆರೆ ಇತ್ತಲ್ಲ.' 0.5ರಿಂದ 0.375 ಅಂದರೆ ಕಾಲು ಭಾಗ ಇಳಿದ ಹಾಗೆ. 0.25ರಿಂದ 0.125 ಅಂದರೆ ಅರ್ಧಕ್ಕರ್ಧ. ಮಿಲಿಗ್ರಾಂನಲ್ಲಿ ಎರಡೂ ಒಂದೇ, ದೇಹಕ್ಕೆ ಒಂದೇ ಅಲ್ಲ. ಉಳಿದಿರುವುದು ಎಷ್ಟು, ಅದರಲ್ಲಿ ಎಷ್ಟು ಕಡಿತ ಅಂತ ನೋಡಬೇಕು. ಎರಡು ವಾರಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಇಳಿಸಬಾರದು ಅನ್ನೋದು ಈಗಿನ ಮಾರ್ಗಸೂಚಿಗಳ ಮಾತು. ವರ್ಷಗಳಿಂದ ತೆಗೆದುಕೊಳ್ಳುತ್ತಿರುವವರಿಗೆ ಅದೂ ಹೆಚ್ಚಾಗಬಹುದು.

ಇನ್ನೊಂದು ಮೋಸವೂ ಇತ್ತು. ಜೋಲ್ಪಿಡೆಮ್ ಬಿಟ್ಟರೆ ಪೆಟ್ಟು ಅವತ್ತೇ ರಾತ್ರಿ ಗೊತ್ತಾಗುತ್ತದೆ. ಕ್ಲೊನಾಜೆಪಾಮ್ ನಿಧಾನಕ್ಕೆ ಖಾಲಿಯಾಗುವುದರಿಂದ ಪೆಟ್ಟು ತಡವಾಗಿ ಬರುತ್ತದೆ. ಅರ್ಧ ಮಾಡಿದ ಮೇಲೆ ಮೂರು ರಾತ್ರಿ ಆರಾಮಾಗಿ ಹೋದವು. ಡೈರಿಯಲ್ಲಿ 'ಗೆದ್ದೆ' ಅಂತ ಬರೆದಿದ್ದರು. ಐದನೇ ರಾತ್ರಿ ಎರಡು ಗಂಟೆಗೆ ಎದೆ ಹೊಡೆದುಕೊಂಡು ಎಚ್ಚರ, ಗಡಿಯಾರದ ಟಿಕ್‌ಟಿಕ್ ಕೂಡ ಕಿರಿಕಿರಿ. ಆರನೇ ದಿನ ಫೋನ್ ಬಂತು.

ಮಾತಾಡಿದ್ದು ಯಜಮಾನರು. 'ಹೇಗೂ ಆ ಡಾಕ್ಸೆಪಿನ್ ಕೊಡಬೇಕು ಅಂತಿದ್ದೀರಲ್ಲ, ಈಗಲೇ ಕೊಟ್ಟುಬಿಡಿ. ಇವಳನ್ನು ನೋಡೋಕಾಗ್ತಿಲ್ಲ.' ಕೇಳಿದ್ದು ತಪ್ಪೇನಲ್ಲ. ಎಷ್ಟೋ ಕಡೆ ಹಳೇದನ್ನು ಇಳಿಸುತ್ತಾ ಹೊಸದನ್ನು ಸೇರಿಸುತ್ತಾರೆ. ಜೊತೆಗೆ ಖಿನ್ನತೆ ಜೋರಾಗಿದ್ದರೆ, ಅಥವಾ ನಿದ್ದೆ ಪೂರ್ತಿ ಕೈಕೊಟ್ಟು ಅಪಾಯ ಅನಿಸಿದರೆ, ಹಾಗೆ ಮಾಡುವುದೇ ಸರಿ. ಇಲ್ಲಿ ಡಾಕ್ಟರು ಬೇಡ ಅಂದಿದ್ದಕ್ಕೆ ಕಾರಣ, ಆ ವಾರ ಡಾಕ್ಸೆಪಿನ್ ಕೊಟ್ಟಿದ್ದರೆ ಮೊದಲ ಸಲದ ಕಥೆಯೇ ಮತ್ತೆ ಆಗುತ್ತಿತ್ತು. ಹಳೇದರ ಹಿಂಸೆ ಹೊಸದರ ತಲೆಗೆ. ಎರಡನೇ ಸಲವೂ 'ಆಗಲಿಲ್ಲ' ಅಂತಾದರೆ ಮೂರನೇ ಸಲ ಆ ಮಾತ್ರೆಯನ್ನು ಅವರು ಕೈಯಲ್ಲೂ ಹಿಡಿಯುತ್ತಿರಲಿಲ್ಲ.

ಪೂರ್ತಿ 0.5ಕ್ಕೆ ವಾಪಸ್ ಹೋಗುವುದೂ ಬೇಡ ಅಂತಾಯಿತು. 0.25ರ ಮಾತ್ರೆಯ ಮುಕ್ಕಾಲು ಭಾಗಕ್ಕೆ ಏರಿಸಿ ಅಲ್ಲೇ ನಿಲ್ಲಿಸಿದೆವು. ಮಾತ್ರೆ ಕತ್ತರಿಸುವ ಸಣ್ಣ ಡಬ್ಬಿ ಕೊಟ್ಟೆ. ಅದರಲ್ಲೂ ಮುಕ್ಕಾಲು ಅನ್ನೋದು ಸುಮಾರಿನ ಲೆಕ್ಕವೇ, ಪುಡಿ ಉದುರುತ್ತದೆ. ಪರವಾಗಿಲ್ಲ, ದಿನಾ ಹೆಚ್ಚುಕಮ್ಮಿ ಅಷ್ಟೇ ಇದ್ದರೆ ಸಾಕು. ಒಂದು ವಾರದಲ್ಲಿ ರಾತ್ರಿಗಳು ತಹಬಂದಿಗೆ ಬಂದವು. ಅಲ್ಲಿಂದ ಮುಂದೆ ಸಣ್ಣ ಸಣ್ಣ ಹೆಜ್ಜೆ, ಕೊನೆಯ ಚೂರುಗಳಿಗೇ ಜಾಸ್ತಿ ವಾರ. ಒಂದು ಹೆಜ್ಜೆಯಲ್ಲಿ ತಿಂಗಳಿಗೂ ಜಾಸ್ತಿ ನಿಂತರು. ಅವಸರ ಮಾಡಲಿಲ್ಲ.

ಬರಿಗೈಯ ಮೂರು ವಾರ

ಕ್ಲೊನಾಜೆಪಾಮ್ ನಿಂತ ಮೇಲೆ ಡಾಕ್ಟರು ಇನ್ನೊಂದು ನಿರ್ಧಾರ ಮಾಡಿದರು. ಯಾವ ಮಾತ್ರೆಯೂ ಇಲ್ಲದೆ ಮೂರು ವಾರ ಡೈರಿ. ಇವರ ಸ್ವಂತ ನಿದ್ದೆ ಎಷ್ಟಿದೆ ಅಂತ ಐದು ವರ್ಷದಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವರಿಗೂ. ಹಾಸಿಗೆಯ ಹೊತ್ತನ್ನು ಆರೂವರೆ ಗಂಟೆಗೆ ಹಿಗ್ಗಿಸಿದ್ದೆವು. ಸರಾಸರಿ ಐದು ಗಂಟೆ ಹತ್ತು ನಿಮಿಷ ನಿದ್ದೆ ಬಂತು. ಮೂರೂವರೆಯ ಎಚ್ಚರ ಇನ್ನೂ ಇತ್ತು. ಗಮನಿಸಿ, ಎರಡು ಮಾತ್ರೆ ನುಂಗಿ ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದಾಗ ಬರುತ್ತಿದ್ದದ್ದು ಐದೂವರೆ.

ಈಗ ಡಾಕ್ಸೆಪಿನ್‌ನ ಸರದಿ. ಶುರು ಮಾಡುವ ಮೊದಲು ಕಣ್ಣಿನ ಪರೀಕ್ಷೆ ಆಯಿತು. ಒಂದು ಬಗೆಯ ಗ್ಲಾಕೋಮಾ ಇದ್ದು ಅದಕ್ಕೆ ಚಿಕಿತ್ಸೆ ಆಗಿರದಿದ್ದರೆ ಇದನ್ನು ಕೊಡುವಂತಿಲ್ಲ, ಮೂತ್ರ ಕಟ್ಟುವ ತೊಂದರೆ ಇದ್ದವರಿಗೂ ಇಲ್ಲ. ಬೇರೆ ಮಾತ್ರೆಗಳ ಪಟ್ಟಿಯನ್ನೂ ನೋಡಿದೆ, ಖಿನ್ನತೆಗೆ ಕೊಡುವ ಕೆಲವು ಔಷಧಿಗಳು ಡಾಕ್ಸೆಪಿನ್ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತವೆ. ಇವರಿಗೆ ಅಂಥದ್ದೇನಿರಲಿಲ್ಲ. ಊಟವನ್ನು ಎಂಟೂಕಾಲಕ್ಕೆ ತಂದುಕೊಂಡರು, ಮಾತ್ರೆ ಮಲಗುವ ಅರ್ಧ ಗಂಟೆ ಮೊದಲು.

3 ಮಿಲಿಗ್ರಾಂನಲ್ಲಿ ಎರಡು ವಾರ ಸಣ್ಣ ವ್ಯತ್ಯಾಸ. 6ಕ್ಕೆ ಏರಿಸಿದ ಮೇಲೆ ಬೆಳಗಿನ ಜಾವದ ಎಚ್ಚರ ಕಾಣುವಷ್ಟು ಕಡಿಮೆಯಾಯಿತು. ಮೊದಲ ವಾರ ಬೆಳಿಗ್ಗೆ ಸ್ವಲ್ಪ ಮಂಪರು, ಆಮೇಲೆ ಹೋಯಿತು. ಎರಡು ತಿಂಗಳಿಗೆ ಏಳು ಗಂಟೆ ಹಾಸಿಗೆಯಲ್ಲಿ ಸರಾಸರಿ ಆರು ಗಂಟೆ ಹತ್ತು ನಿಮಿಷ ನಿದ್ದೆ, ಶೇಕಡಾ 88. ಏಳು ಪ್ರಶ್ನೆಗಳ ಪಟ್ಟಿಯಲ್ಲಿ 20 ಇದ್ದದ್ದು 9. ಪೂರ್ತಿ ವಾಸಿ ಅಂತ ಹೇಳೋಕಾಗಲ್ಲ. ತಿಂಗಳಿಗೆ ಎರಡು ಮೂರು ರಾತ್ರಿ ಈಗಲೂ ಕೆಡುತ್ತವೆ. ಕಾರಿನ ಕೀಲಿ ವಾಪಸ್ ಬಂದಿದೆ.

ಇದರಿಂದ ನಮಗೆ ಸಿಕ್ಕಿದ್ದು

ನಮ್ಮ ಕ್ಲಿನಿಕ್‌ನ ಔಷಧಿ ಪಟ್ಟಿಯಲ್ಲಿ ಈಗ ಒಂದು ಕಾಲಂ ಜಾಸ್ತಿಯಾಗಿದೆ. ಪ್ರತಿ ಹಳೇ ಮಾತ್ರೆಯ ಮುಂದೆ 'ಇದನ್ನು ಶುರು ಮಾಡಿದಾಗ ಯಾವುದನ್ನು, ಎಷ್ಟು ಬೇಗ ನಿಲ್ಲಿಸಿದ್ದರು' ಅಂತ ಬರೆಯಬೇಕು. 'ಆಗಲಿಲ್ಲ' ಅಂತ ಇದ್ದ ಎಷ್ಟೋ ಮಾತ್ರೆಗಳು ಈ ಕಾಲಂ ತುಂಬಿದ ಮೇಲೆ 'ಸರಿಯಾಗಿ ನೋಡೇ ಇಲ್ಲ' ಅನ್ನೋ ಗುಂಪಿಗೆ ಹೋಗುತ್ತಿವೆ. ಹಾಗೇ ಒಂದು ಬೆಂಜೊ (ಕ್ಲೊನಾಜೆಪಾಮ್ ಗುಂಪಿನ ಮಾತ್ರೆ) ಬಿಟ್ಟು ಇನ್ನೊಂದಕ್ಕೆ ಹೋದವರು ಮೊದಲ ವಾರ 'ಅದ್ಭುತ' ಅಂದರೆ, ಆ ಮಾತಿಗೆ ನಾವು ಜಾಸ್ತಿ ತೂಕ ಕೊಡುವುದಿಲ್ಲ. ಮೂರನೇ ವಾರದ ಹಗಲು ಹೇಗಿದೆ ಅಂತ ಕೇಳುತ್ತೇವೆ.

ಒಂದು ವಿಷಯದಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. ವರ್ತನಾ ಚಿಕಿತ್ಸೆ ನೋಡಿಕೊಳ್ಳುವ ಸಹೋದ್ಯೋಗಿಯ ಪ್ರಕಾರ ಡಾಕ್ಸೆಪಿನ್ ಬೇಕೇ ಇರಲಿಲ್ಲ. ಬರಿಗೈಯ ಮೂರು ವಾರದ ನಂತರ ಇನ್ನೂ ಎರಡು ತಿಂಗಳು ಹಾಸಿಗೆಯ ಹೊತ್ತನ್ನೇ ಹದಮಾಡುತ್ತಾ ಹೋಗಿದ್ದರೆ ಅಲ್ಲಿಗೇ ಬರುತ್ತಿದ್ದರು ಅನ್ನುತ್ತಾರೆ. ಇರಬಹುದು. ಆದರೆ ವರ್ಷಗಟ್ಟಲೆ ನಿದ್ದೆ ಕೆಟ್ಟವರಿಗೆ ಐದು ಗಂಟೆ ಹತ್ತು ನಿಮಿಷದಲ್ಲಿ ಇನ್ನೆರಡು ತಿಂಗಳು ಕಾಯಿರಿ ಅನ್ನೋದು ನಮಗೆ ಸುಲಭ, ಕಾಯುವುದು ಅವರು. ಡಾಕ್ಟರು ಅವರನ್ನೇ ಕೇಳಿದ್ದರು. ಮಾತ್ರೆ ಬೇಕು ಅಂದಿದ್ದು ಅವರೇ.

ಇದನ್ನು ಓದಿ ಯಾರಾದರೂ ತಮ್ಮ ಮಾತ್ರೆಯನ್ನು ತಾವೇ ಇಳಿಸೋಕೆ ಹೊರಟರೆ ಕಷ್ಟ. ಮೇಲಿನ ಡೋಸ್‌ಗಳು, ವಾರಗಳು ಈ ಒಬ್ಬರಿಗೆ ಸೇರಿದ್ದು. ಡೋಸ್ ದೊಡ್ಡದಿದ್ದವರು, ಹಿಂದೆ ಫಿಟ್ಸ್ ಬಂದವರು, ದಿನಾ ಕುಡಿಯುವವರು, ಬಲವಾದ ನೋವಿನ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ತುಂಬಾ ವಯಸ್ಸಾದವರು, ಇವರೆಲ್ಲರ ಲೆಕ್ಕ ಬೇರೆ ಬೇರೆ. ಮಾತ್ರೆ ಬರೆದ ಡಾಕ್ಟರ ಜೊತೆ ಕೂತೇ ಇದನ್ನು ಮಾಡಬೇಕು.

ಮೊನ್ನೆ ಬಂದಾಗ ಅವರು ಕೇಳಿದ್ದು, ಡಾಕ್ಸೆಪಿನ್ ಬಿಡೋದು ಯಾವಾಗ ಅಂತ. ಈ ಕಡಿಮೆ ಡೋಸಿನಲ್ಲಿ ಅದಕ್ಕೆ ಬೆಂಜೊಗಳಂಥ ಅವಲಂಬನೆ ಕಂಡುಬಂದಿಲ್ಲ, ಹಾಗಾಗಿ ಬಿಡುವಾಗ ಅಷ್ಟು ಸರ್ಕಸ್ ಬೇಕಾಗಲಿಕ್ಕಿಲ್ಲ. ವರ್ಷಾಂತ್ಯದ ಲೆಕ್ಕಪತ್ರದ ಒತ್ತಡ ಮುಗಿಯಲಿ, ಆಮೇಲೆ 3ಕ್ಕೆ ಇಳಿಸಿ ನೋಡೋಣ ಅಂತ ಡಾಕ್ಟರು ಹೇಳಿದ್ದಾರೆ. ಆ ತಿಂಗಳು ಬೇರೆ ಯಾವ ಬದಲಾವಣೆಯೂ ಇಲ್ಲ ಅಂತ ಫೈಲಿನಲ್ಲಿ ಬರೆದಿದ್ದೇನೆ.